ಬ್ರೇಕ್ ಒತ್ತಿದರೆ ನಡುಕ, ಗೇರ್ ಹಾಕಿದರೆ ಕರಕರ: ಕರಾವಳಿಯ ಹಳೆ ಕಾರಿನಲ್ಲಿ ದೋಷ ಹುಡುಕುವ ಕ್ರಮ

ಘಟ್ಟದ ಇಳಿಜಾರಿನಲ್ಲಿ ಹಳೆ ಕಾರನ್ನು ಹಿಡಿದಿಡುವುದು ಎರಡೇ: ಬ್ರೇಕ್ ಮತ್ತು ಕೆಳಗಿನ ಗೇರ್. ಎರಡನೇ ಗೇರ್‌ನಲ್ಲಿ ಇಳಿದರೆ ಎಂಜಿನ್ನೇ ವೇಗ ತಡೆಯುತ್ತದೆ, ಬ್ರೇಕ್ ಜಾಸ್ತಿ ಬಿಸಿಯಾಗುವುದಿಲ್ಲ. ಗೇರ್ ಸರಿಯಾಗಿ ಬೀಳದಿದ್ದರೆ ಭಾರವೆಲ್ಲ ಬ್ರೇಕಿನ ಮೇಲೆ. ಆ ಬ್ರೇಕ್ ಕೂಡ ನಡುಗುತ್ತಿದ್ದರೆ ಅಪಾಯ ಇಮ್ಮಡಿ. ಹಾಗಾಗಿ ಈ ಎರಡು ದೋಷಗಳನ್ನು ಇಲ್ಲಿ ಒಟ್ಟಿಗೆ ನೋಡೋಣ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುವವರು, ಮಂಗಳೂರಿನಿಂದ ಚಾರ್ಮಾಡಿಗೋ ಶಿರಾಡಿಗೋ ಹೊರಟವರು ಹತ್ತುವ ಮೊದಲೇ ಇದನ್ನು ಪರೀಕ್ಷಿಸಬೇಕು. ಹತ್ತಿದ ಮೇಲೆ ಇಳಿಯಲೇಬೇಕಲ್ವಾ.

ಮಾರುತಿ 800, ಝೆನ್, ಸ್ಯಾಂಟ್ರೊ, ಇಂಡಿಕಾ, ಹಳೆ ಆಲ್ಟೊ, ಹಳೆ ಸ್ವಿಫ್ಟ್ ಇಂಥ ಕಾರುಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ: ಮುಂದೆ ಡಿಸ್ಕ್ (ತಿರುಗುವ ತಟ್ಟೆಯನ್ನು ಎರಡು ಬದಿಯಿಂದ ಪ್ಯಾಡ್‌ಗಳು ಅಮುಕುವ ಬ್ರೇಕ್), ಹಿಂದೆ ಡ್ರಮ್ (ತಿರುಗುವ ಡಬ್ಬಿಯ ಒಳಬದಿಗೆ ಲೈನರ್ ಒತ್ತುವ ಬ್ರೇಕ್), ಕೈಯಲ್ಲಿ ಹಾಕುವ ಗೇರ್. ಮಾರುತಿ 800ರ ತುಂಬ ಹಳೆ ಗಾಡಿಗಳಲ್ಲಿ ಮುಂದೆಯೂ ಡ್ರಮ್ ಇರಬಹುದು, ನಿಮ್ಮದು ಯಾವುದೆಂದು ಮೊದಲು ನೋಡಿಕೊಳ್ಳಿ.

ಕರಾವಳಿಯಲ್ಲಿ ಮೊದಲ ಗುಮಾನಿ ತುಕ್ಕಿನ ಮೇಲೆ ಇರಬೇಕು. ವರ್ಷಕ್ಕೆ 3500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಅದರ ಜೊತೆಗೆ ಸಮುದ್ರದ ಉಪ್ಪುಗಾಳಿ. ಬೆಂಗಳೂರಿನಲ್ಲಿ ಹತ್ತು ವರ್ಷ ಸುಮ್ನೆ ಕೂತಿರುವ ಬ್ರೇಕಿನ ಒಂದು ಪಿನ್ನು ಮಲ್ಪೆಯಲ್ಲೋ ಪಣಂಬೂರಿನಲ್ಲೋ ಅಷ್ಟು ದಿನ ಬಾಳುವುದಿಲ್ಲ. ಡಿಸ್ಕ್ ಬದಲಿಸಿ, ಕ್ಲಚ್ ಬದಲಿಸಿ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಮೊದಲು ತುಕ್ಕು, ನಟ್ಟು, ಎಣ್ಣೆ, ಕೇಬಲ್ ಇಷ್ಟನ್ನು ನೋಡಿ. ದುಡ್ಡು ಉಳಿಯುವುದು ಇಲ್ಲಿಯೇ.

ಚಕ್ರ ಬಿಚ್ಚುವ ಮೊದಲು

ಜಾಕ್ ಇರುವುದು ಗಾಡಿ ಎತ್ತಲಿಕ್ಕೆ ಮಾತ್ರ. ಅದರ ಮೇಲೆ ನಿಂತಿರುವ ಗಾಡಿಯ ಅಡಿಗೆ ಕೈಯನ್ನೂ ಹಾಕಬಾರದು. ಕಬ್ಬಿಣದ ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಬೇಕು. ನಮ್ಮ ಅಂಗಳದಲ್ಲಿ ಮುರಕಲ್ಲು ಸುಲಭವಾಗಿ ಸಿಗುತ್ತದೆ, ಅದನ್ನೇ ಎರಡು ಜೋಡಿಸಿ ಗಾಡಿ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ಮುರಕಲ್ಲು ಗೋಡೆಯಲ್ಲಿ ಗಟ್ಟಿ, ಆದರೆ ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಪುಡಿಯಾಗಿ ಹೋಗುತ್ತದೆ, ಅದೂ ಮಳೆ ನೀರು ಕುಡಿದ ಕಲ್ಲಾದರೆ ಮೊದಲೇ ಸೂಚನೆ ಕೊಡುವುದೂ ಇಲ್ಲ. ಹಸಿ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಕೆಳಗೆ ದಪ್ಪ ಹಲಗೆ ಇಡಿ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ.

ಬ್ರೇಕಿನ ಧೂಳನ್ನು ಬಾಯಿಯಿಂದ ಊದಬೇಡಿ, ಗಾಳಿಯ ಪೈಪಿನಿಂದಲೂ ಊದಬೇಡಿ. ಹಳೆ ಪ್ಯಾಡ್, ಹಳೆ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬ್ರೇಕ್ ಒತ್ತದಿದ್ದರೂ ಸ್ಟೀರಿಂಗ್ ನಡುಗುತ್ತದೆ

ಇದು ಬ್ರೇಕಿನ ದೋಷವೇ ಅಲ್ಲ. 80ರಿಂದ 100 ಕಿಲೋಮೀಟರ್ ವೇಗದ ನಡುವೆ ಬಂದು, ಅದಕ್ಕಿಂತ ಕಡಿಮೆಯಾದರೆ ಹೋಗುವ ನಡುಕ ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸಿಂಗ್‌ನದ್ದು. ಟಯರ್ ಒಂದು ಕಡೆ ಉಬ್ಬಿದೆಯಾ, ರಿಮ್ ಒಳಬದಿಯಲ್ಲಿ ಕೆಸರು ಒಣಗಿ ಅಂಟಿದೆಯಾ ನೋಡಿ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಓಡಿದ ಗಾಡಿಗೆ ಬರೀ ನೀರು ಹಾಕಿ ಕೆಸರು ತೊಳೆದರೆ ನಡುಕ ನಿಂತುಬಿಡುವುದುಂಟು. ನಿಲ್ಲದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ, ಆಮೇಲೆ ಬ್ರೇಕಿನ ಕಡೆ ತಿರುಗಿ.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರುತ್ತದೆ

ಸ್ಟೀರಿಂಗ್‌ಗೆ ಬರುವ ಅದುರು ಮುಂದಿನ ಚಕ್ರಗಳದ್ದು. ಗ್ಯಾರೇಜಿನಲ್ಲಿ ತಕ್ಷಣ ಕೇಳುವ ಮಾತು, "ಡಿಸ್ಕ್ ಬೆಂಡ್ ಆಗಿದೆ ಮಾರಾಯ್ರೇ". ನಿಜಕ್ಕೂ ಬಾಗಿರುವ ಡಿಸ್ಕ್ ಅಪರೂಪ. ಹೆಚ್ಚಿನ ಸಲ ಆಗಿರುವುದು ಇಷ್ಟು: ಡಿಸ್ಕ್ ಒಂದು ಕಡೆ ಸ್ವಲ್ಪ ತೆಳು, ಇನ್ನೊಂದು ಕಡೆ ಸ್ವಲ್ಪ ದಪ್ಪ. 0.02 ಮಿಲಿಮೀಟರ್‌ನಷ್ಟು ವ್ಯತ್ಯಾಸ ಇದ್ದರೂ ಕೈಗೆ, ಕಾಲಿಗೆ ಗೊತ್ತಾಗುತ್ತದೆ. ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ ಅದು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

ಆ ವ್ಯತ್ಯಾಸ ಹುಟ್ಟುವುದು ಹೇಗೆ ಎಂದು ಗೊತ್ತಿದ್ದರೆ ಹುಡುಕುವ ದಾರಿಯೂ ಗೊತ್ತಾಗುತ್ತದೆ. ಡಿಸ್ಕ್ ತನ್ನ ಹಬ್ಬಿನ (ಚಕ್ರ, ಡಿಸ್ಕ್ ಎರಡೂ ಕೂರುವ ನಡುಭಾಗದ) ಮೇಲೆ ನೇರವಾಗಿ ಕೂರದಿದ್ದರೆ ತಿರುಗುವಾಗ ಓಲಾಡುತ್ತದೆ. ಓಲಾಡುವ ಡಿಸ್ಕ್ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗುತ್ತದೆ, ಬ್ರೇಕ್ ಒತ್ತದೆ ಹೋಗುವಾಗಲೂ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಆ ಜಾಗ ಸವೆದು ತೆಳುವಾಗುತ್ತದೆ. ಹೊಸ ಡಿಸ್ಕ್ ಹಾಕಿಸಿ ನಾಲ್ಕೈದು ತಿಂಗಳಲ್ಲಿ ಮತ್ತೆ ನಡುಕ ಬಂತು ಎಂದು ದೂರುವವರ ಕಥೆ ಬಹುಪಾಲು ಇದೇ. ಡಿಸ್ಕ್ ಬದಲಾಯಿತು, ಅದು ಕೂರುವ ಜಾಗದ ತುಕ್ಕು ಹಾಗೆಯೇ ಉಳಿಯಿತು.

ಮೊದಲು ವೀಲ್ ನಟ್ ನೋಡಿ. ಇದಕ್ಕೆ ದುಡ್ಡೇ ಬೇಡ. ಟಯರ್ ಅಂಗಡಿಯಲ್ಲಿ ಗಾಳಿಯ ಗನ್ ಹಿಡಿದು ಒಂದು ನಟ್ಟನ್ನು ಜೋರಾಗಿ, ಇನ್ನೊಂದನ್ನು ಸಡಿಲವಾಗಿ ಬಿಗಿದರೆ ಡಿಸ್ಕ್ ಸಮನಾಗಿ ಒತ್ತಿಕೊಳ್ಳುವುದಿಲ್ಲ. ಪಂಕ್ಚರ್ ಹಾಕಿಸಿದ ಅಥವಾ ಟಯರ್ ಬದಲಿಸಿದ ಮೇಲೆ ನಡುಕ ಶುರುವಾಗಿದ್ದರೆ ಇದೇ ಮೊದಲ ಗುಮಾನಿ. ನಟ್ಟುಗಳನ್ನು ಸಡಿಲಿಸಿ, ಎದುರುಬದುರು ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಪಾನಾ ಹಿಡಿದು ಕೈಯಿಂದ ಬಿಗಿಯಿರಿ. ಹಲವು ಸಣ್ಣ ಕಾರುಗಳಿಗೆ ಈ ಬಿಗಿತ 85ರಿಂದ 100 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಗಾಡಿಯ ಲೆಕ್ಕ ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಪಾನಾ) ಇರುವ ಗ್ಯಾರೇಜ್ ಸಿಕ್ಕರೆ ಅಲ್ಲಿಯೇ ಮಾಡಿಸಿ.

ಅದರಿಂದ ಹೋಗಲಿಲ್ಲವೇ? ಚಕ್ರ ಬಿಚ್ಚಿ ಡಿಸ್ಕ್ ನೋಡಿ. ಪ್ಯಾಡಿನ ಆಕಾರದಲ್ಲಿ ಕಪ್ಪು ಅಥವಾ ನೀಲಿ ಕಲೆ ಇದ್ದರೆ ತುಂಬ ಬಿಸಿಯಾದ ಪ್ಯಾಡ್ ತನ್ನ ಪದಾರ್ಥವನ್ನು ಅಲ್ಲಿ ಅಂಟಿಸಿದೆ ಎಂದರ್ಥ. ಘಟ್ಟ ಇಳಿದು ಬಂದ ತಕ್ಷಣ ಬ್ರೇಕ್ ಮೆಟ್ಟಿಕೊಂಡೇ ನಿಂತರೆ ಹೀಗಾಗುತ್ತದೆ. ಡಿಸ್ಕಿನ ಅಂಚಿನಲ್ಲಿ ಎತ್ತರದ ಗೆರೆ ಎದ್ದಿದ್ದರೆ ಸವೆತ ಜಾಸ್ತಿಯಾಗಿದೆ. ಕನಿಷ್ಠ ಎಷ್ಟು ದಪ್ಪ ಇರಬೇಕು ಎಂಬುದನ್ನು ಹೆಚ್ಚಿನ ಡಿಸ್ಕ್‌ಗಳ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ಕಡಿಮೆಯಾಗಿದ್ದರೆ ಚರ್ಚೆಯೇ ಬೇಡ, ಬದಲಿಸಬೇಕು, ಎರಡೂ ಕಡೆ ಒಟ್ಟಿಗೆ. ದಪ್ಪ ಉಳಿದಿದ್ದರೆ ಲೇತಿನಲ್ಲಿ ತೆಳುವಾಗಿ ಕಡೆಸಬಹುದು. ಆದರೆ ಕಡೆದ ಮೇಲೂ ಆ ಕನಿಷ್ಠ ದಪ್ಪಕ್ಕಿಂತ ಮೇಲಿರಬೇಕು.

ಏನೇ ಮಾಡಿಸಿದರೂ ಒಂದು ಹಟ ಬಿಡಬೇಡಿ. ಡಿಸ್ಕ್ ತೆಗೆದಾಗ ಹಬ್ಬಿನ ಮುಖವನ್ನೂ ಡಿಸ್ಕಿನ ಒಳಮುಖವನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ಲೋಹ ಹೊಳೆಯುವ ತನಕ ತುಕ್ಕು ತೆಗೆಯಬೇಕು. ನಟ್ಟು ಕೂರುವ ಸ್ಟಡ್ಡುಗಳ ಬುಡದಲ್ಲಿ ಅಡಗಿದ ಪದರವನ್ನೂ ಬಿಡಬಾರದು. ನಂತರ ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮಾಪಕ) ಇಟ್ಟು ಡಿಸ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಓಲಾಟ ಎಷ್ಟೆಂದು ತಿಳಿಯುತ್ತದೆ. 0.1 ಮಿಲಿಮೀಟರ್ ದಾಟಿದರೆ ಹೆಚ್ಚಿನ ಗಾಡಿಗಳಿಗೆ ಅದು ಜಾಸ್ತಿಯೇ. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಇದನ್ನು ಕೇಳಿ ಮಾಡಿಸಿಕೊಳ್ಳಿ. ಸಂಕೋಚ ಬೇಡ.

ಡಿಸ್ಕ್ ಚೆನ್ನಾಗಿದ್ದೂ ನಡುಕ ಉಳಿದರೆ ಮುಂದಿನ ಚಕ್ರವನ್ನು ಹಿಡಿದಿಡುವ ಕೀಲುಗಳನ್ನು, ಅಂದರೆ ಲೋಯರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಟೈ ರಾಡ್ ತುದಿ ಇವನ್ನು ನೋಡಿಸಿ. ಇವು ಸಡಿಲವಾದರೆ ಸಣ್ಣ ಅದುರೂ ದೊಡ್ಡದಾಗಿ ಕೈಗೆ ಬರುತ್ತದೆ. ಬ್ರೇಕ್ ಹಾಕುವಾಗ ಒಂದು ಸಲ "ಟಕ್" ಎಂದು ಸದ್ದು ಬಂದರೆ ಗುಮಾನಿ ಗಟ್ಟಿ.

ನಡುಕ ಸೀಟಿಗೆ, ಪೆಡಲ್‌ಗೆ ಬರುತ್ತದೆ, ಸ್ಟೀರಿಂಗ್ ಶಾಂತವಾಗಿದೆ

ಹಿಂದಿನ ಡ್ರಮ್ ಕಡೆ ನೋಡಿ. ಪರೀಕ್ಷೆ ಸುಲಭ. ಒಣಗಿದ, ಖಾಲಿಯಾದ, ನೇರ ರಸ್ತೆಯಲ್ಲಿ 25-30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ, ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ಮೆಲ್ಲನೆ ಎಳೆಯಿರಿ. ಅದುರು ಬಂದರೆ ಡ್ರಮ್ ಗುಂಡಾಗಿ ಉಳಿದಿಲ್ಲ, ಅಥವಾ ಲೈನರ್ ಹಾಳಾಗಿದೆ. ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಇದನ್ನು ಮಾಡಬೇಡಿ. ಮಳೆ ಬೀಳುವಾಗ ಮಾಡಲೇಬೇಡಿ, ಹಿಂದಿನ ಚಕ್ರ ಜಾರಿದರೆ ಗಾಡಿ ತಿರುಗಿಬಿಡುತ್ತದೆ.

ಎಬಿಎಸ್ (ಚಕ್ರ ಲಾಕ್ ಆಗದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಜಾರುವ ರಸ್ತೆಯ ಮೇಲೆ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಬಡಿದುಕೊಂಡರೆ ಅದು ದೋಷವಲ್ಲ, ಅದರ ಕೆಲಸವೇ ಅದು. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆ ಸಣ್ಣ ಕಾರುಗಳಲ್ಲಿ ಇಲ್ಲದಿರುವುದೇ ಹೆಚ್ಚು.

ಕಾರು ಒಂದು ಕಡೆ ಎಳೆಯುತ್ತದೆ, ಒಂದು ಚಕ್ರ ಬಿಸಿ

ಮೊದಲು ಟಯರ್ ಗಾಳಿ ನೋಡಿ. ಅದು ಸರಿ ಇದ್ದರೆ ಹತ್ತು ಕಿಲೋಮೀಟರ್ ಓಡಿಸಿ, ಕಡಿಮೆ ಬ್ರೇಕ್ ಬಳಸಿ, ನಿಲ್ಲಿಸಿ. ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನುಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುವುದು ಕರಾವಳಿಯಲ್ಲಿ ತೀರಾ ಸಾಮಾನ್ಯ. ರಬ್ಬರ್ ಟೋಪಿ ಹರಿದರೆ ಸಾಕು, ಒಂದು ಮಳೆಗಾಲದಲ್ಲಿ ಪಿನ್ನು ಕೂತುಬಿಡುತ್ತದೆ. ಪಿನ್ನು ತೆಗೆದು ತಿಕ್ಕಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಸಾಮಾನ್ಯ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ. ಬಿಸಿಯಾದ ಡಿಸ್ಕಿಗೆ ನೀರು ಸುರಿಯುವುದೂ ಬೇಡ.

ಪಿನ್ನು ಸರಿ ಇದ್ದೂ ಚಕ್ರ ಬಿಸಿಯಾದರೆ ಪಿಸ್ಟನ್ ಸಿಕ್ಕಿಕೊಂಡಿದೆ, ಅಥವಾ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆ ಸಾಗುವ ರಬ್ಬರ್ ಕೊಳವೆ) ಒಳಗೆ ಉಬ್ಬಿ ಎಣ್ಣೆ ಹಿಂದೆ ಬರಲು ಬಿಡುತ್ತಿಲ್ಲ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ತಿಂಗಳುಗಟ್ಟಲೆ ನಿಂತಿದ್ದ ಕಾರು

ಮನೆಯವರು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು, ರಜೆಯಲ್ಲಿ ಬಂದಾಗ ಮಾತ್ರ ಕಾರು ತೆಗೆಯುವ ಮನೆಗಳು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಮಳೆಗಾಲವಿಡೀ ನಿಂತ ಗಾಡಿಯ ಡಿಸ್ಕ್ ಮೇಲೆ ತುಕ್ಕು ಬರುತ್ತದೆ. ಒಂದು ರಾತ್ರಿಯ ಮಳೆಗೆ ಬಂದ ಕೆಂಪು ತುಕ್ಕು ಹತ್ತಾರು ಬ್ರೇಕಿಗೆ ಉಜ್ಜಿ ಹೋಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ತಿಂಗಳುಗಳ ತುಕ್ಕು ಡಿಸ್ಕನ್ನೇ ಕೊರೆದು ಗುಳಿ ಮಾಡುತ್ತದೆ. ಪ್ಯಾಡ್ ಮುಚ್ಚಿದ್ದ ಜಾಗ ಬೇರೆ, ಉಳಿದ ಜಾಗ ಬೇರೆ ಆಗಿ ನಡುಕ ಬರುತ್ತದೆ. ಎರಡು ಮೂರು ದಿನ ನಿಧಾನವಾಗಿ ಓಡಿಸಿ ನೋಡಿ. ಹೋಗದಿದ್ದರೆ ಲೇತು ಅಥವಾ ಹೊಸ ಡಿಸ್ಕ್.

ಹ್ಯಾಂಡ್ ಬ್ರೇಕ್ ಎಳೆದೇ ಬಿಟ್ಟುಹೋಗಿದ್ದರೆ ಲೈನರ್ ಡ್ರಮ್ಮಿಗೆ ಅಂಟಿರುತ್ತದೆ. ಎಂಜಿನ್ ಜೋರಾಗಿ ಕೊಟ್ಟು ಎಳೆಯಬೇಡಿ, ಲೈನರ್ ಕಿತ್ತು ಬರುತ್ತದೆ. ಮೆಕ್ಯಾನಿಕ್ ಬಂದು ಡ್ರಮ್ ತಟ್ಟಿ ಬಿಡಿಸಲಿ. ಇನ್ನು ಮುಂದೆ ಗಾಡಿ ನಿಲ್ಲಿಸಿ ಹೋಗುವಾಗ ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಹೋಗಿ.

ಪೆಡಲ್ ಹೀಗಿದ್ದರೆ ಗಾಡಿ ತೆಗೆಯಲೇಬೇಡಿ

ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಒತ್ತಿ ಹಿಡಿದರೆ ಮೆಲ್ಲಮೆಲ್ಲನೆ ನೆಲಕ್ಕಿಳಿಯುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಇಳಿಯುತ್ತಿದೆ. ಚಕ್ರದ ಒಳಬದಿಯಲ್ಲಿ ಒದ್ದೆ ಕಾಣುತ್ತದೆ. ಇವುಗಳಲ್ಲಿ ಒಂದಿದ್ದರೂ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ ಅಥವಾ ಟೋಯಿಂಗ್ ಲಾರಿಯ ಮೇಲೇರಿಸಿ ಒಯ್ಯಿಸಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಅದು 230 ಮತ್ತು 155. ಘಟ್ಟದಲ್ಲಿ ಬಿಸಿಯಾಗಿ ಎಣ್ಣೆ ಕುದಿದರೆ ಆವಿ ತುಂಬಿ ಪೆಡಲ್ ಖಾಲಿಯಾಗುತ್ತದೆ, ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ನಮ್ಮ ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಎಷ್ಟೋ ಹಳೆ ಕಾರುಗಳಲ್ಲಿ ಯಾವತ್ತು ಬದಲಿಸಿದ್ದೆಂದು ಮಾಲೀಕರಿಗೇ ನೆನಪಿರುವುದಿಲ್ಲ. ನೆನಪಿಲ್ಲ ಎಂದರೆ ಬದಲಿಸುವ ಹೊತ್ತಾಗಿದೆ.

ಗೇರ್ ಬೀಳುವುದಿಲ್ಲ: ಮೊದಲು ಎಂಜಿನ್ ಆಫ್ ಮಾಡಿ

ಗೇರಿನ ಎಲ್ಲ ದೂರುಗಳನ್ನೂ ಎರಡು ಪಾಲು ಮಾಡುವ ಪರೀಕ್ಷೆ ಇದು. ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಒಂದರಿಂದ ರಿವರ್ಸ್ ತನಕ ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಗಟ್ಟಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸುತ್ತಿಲ್ಲ. ಎಂಜಿನ್ ನಿಂತಾಗಲೂ ಗಟ್ಟಿ ಇದ್ದರೆ ತೊಂದರೆ ಲಿವರಿನಿಂದ ಗೇರ್‌ಬಾಕ್ಸ್‌ವರೆಗಿನ ದಾರಿಯಲ್ಲಿ, ಅಥವಾ ಒಳಗೇ.

ಎಂಜಿನ್ ಓಡುವಾಗ ಮಾತ್ರ ಗಟ್ಟಿ

ಖಚಿತ ಮಾಡಿಕೊಳ್ಳಲು ಎಂಜಿನ್ ಐಡಲ್‌ನಲ್ಲಿಟ್ಟು, ಕ್ಲಚ್ ಪೂರ್ತಿ ಒತ್ತಿ, ಐದು ಎಣಿಸಿ, ರಿವರ್ಸ್ ಹಾಕಿ. ಹೆಚ್ಚಿನ ಹಳೆ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ರಿಂಗ್) ಇಲ್ಲ. ಕಾಯದೆ ಹಾಕಿದರೆ ಕರ್ರೆನ್ನುವುದು ಸಹಜ. ಐದು ಎಣಿಸಿದ ಮೇಲೂ ಕರ್ರೆಂದರೆ ಕ್ಲಚ್ ಬಿಡುತ್ತಿಲ್ಲ.

ಕಾಲಡಿಯ ಮ್ಯಾಟ್ ಪೆಡಲ್ ಕೆಳಗೆ ಮಡಚಿಕೊಂಡಿದೆಯಾ ನೋಡಿ. ಮಳೆಗಾಲದಲ್ಲಿ ಎರಡು ಮೂರು ಮ್ಯಾಟ್ ಹಾಕಿಕೊಳ್ಳುವ ರೂಢಿಯಿಂದ ಇದು ಆಗುತ್ತದೆ. ನಂತರ ಕೇಬಲ್. ಮಾರುತಿ 800, ಝೆನ್, ಆಲ್ಟೊದಂಥ ಗಾಡಿಗಳಲ್ಲಿ ಕ್ಲಚ್ ಎಳೆಯುವುದು ಉಕ್ಕಿನ ಕೇಬಲ್. ಪೆಡಲ್ ಮೇಲ್ಭಾಗದಲ್ಲಿ ಸ್ವಲ್ಪ ಸಡಿಲು ಇರಲೇಬೇಕು, ಸಾಮಾನ್ಯವಾಗಿ ಎರಡು ಸೆಂಟಿಮೀಟರ್ ಆಸುಪಾಸು. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಸಡಿಲವೇ ಇಲ್ಲದಿದ್ದರೆ ಪ್ಲೇಟ್ ಜಾರಿ ಸವೆಯುತ್ತದೆ. ಗೇರ್‌ಬಾಕ್ಸ್ ಬದಿಯ ತುದಿಯಲ್ಲಿ ಎಳೆಗಳು ಕಿತ್ತು ನಿಂತಿದ್ದರೆ, ಪೆಡಲ್ ಕೆಲವು ತಿಂಗಳಿಂದ ಭಾರವಾಗುತ್ತಾ ಬಂದಿದ್ದರೆ, ಕೇಬಲ್ ಒಳಗೆ ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟು ದಿನ ತಳ್ಳಬೇಡಿ. ಸೋವಿ ಸಾಮಾನು, ಬದಲಿಸಿ. ನಂತೂರಿನ ಟ್ರಾಫಿಕ್ಕಿನಲ್ಲಿ ಅದು ತುಂಡಾಗುವುದಕ್ಕಿಂತ ಎಷ್ಟೋ ಮೇಲು.

ಎಣ್ಣೆಯಿಂದ ನಡೆಯುವ ಕ್ಲಚ್ ಆದರೆ ಡಬ್ಬಿಯ ಮಟ್ಟ ನೋಡಿ. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿದಾಗ ಗೇರ್ ಬಿದ್ದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ಸೀಲ್ ಹೋಗಿದೆ. ಪೆಡಲಿನ ಮೇಲಿನ ಗೋಡೆಯನ್ನು ಬೆರಳಿನಿಂದ ಸವರಿ, ಒದ್ದೆ ಸಿಗಬಹುದು.

ಇವೆಲ್ಲ ಸರಿ, ಗಾಡಿ ಬಹಳ ದಿನ ನಿಂತಿತ್ತು ಎಂದಾದರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಎಂಬ ಚಕ್ರಕ್ಕೆ ಅಂಟಿರಬಹುದು. ಆಗ ಮೊದಲ ಗೇರಿನಲ್ಲಿಟ್ಟು, ಕ್ಲಚ್ ಒತ್ತಿಕೊಂಡು ಸ್ಟಾರ್ಟರ್ ಕೊಟ್ಟರೂ ಗಾಡಿ ಮುಂದಕ್ಕೆ ಎಗರುತ್ತದೆ. ಮುಂದೆ ಗೋಡೆ, ಗೇಟು, ಜನ ಇಲ್ಲದ ಬಯಲಿನಲ್ಲಿ ಮಾತ್ರ ಈ ಪರೀಕ್ಷೆ. ಬಿಡಿಸುವ ಕೆಲಸ ಮೆಕ್ಯಾನಿಕ್‌ಗೆ ಇರಲಿ.

ಎಂಜಿನ್ ನಿಂತಾಗಲೂ ಗಟ್ಟಿ, ಲಿವರ್ ಜೋಲಾಡುತ್ತದೆ

ಮೊದಲು ನೋಡಬೇಕಾದ್ದು ಲಿವರಿನ ಬುಡದಿಂದ ಗೇರ್‌ಬಾಕ್ಸ್‌ಗೆ ಹೋಗುವ ರಾಡ್ ಅಥವಾ ಕೇಬಲ್, ಅದರ ಕೀಲುಗಳಲ್ಲಿ ಕೂರುವ ಬುಶ್‌ಗಳು. ಮಾರುತಿ 800ರಲ್ಲಿ ಈ ರಾಡ್ ಗಾಡಿಯ ಹೊಟ್ಟೆಯಡಿ ಹಾದುಹೋಗುತ್ತದೆ. ಕೆಸರು, ಉಪ್ಪು, ನೀರು ಎಲ್ಲ ಅದಕ್ಕೇ. ಬುಶ್ ಸವೆದರೆ ಮೂರನೇ ಗೇರ್ ಹುಡುಕುವಾಗ ಒಂದನೆಯದು ಸಿಗುತ್ತದೆ. ಬುಶ್ ಬದಲಿಸಿ ಗ್ರೀಸ್ ಹಚ್ಚಿದರೆ ಹಳೆ ಗೇರ್‌ಬಾಕ್ಸ್ ಹೊಸದರ ಹಾಗೆ ನಡೆಯುವುದನ್ನು ನೋಡಬೇಕು, ಅಷ್ಟು ಖುಷಿ ಕೊಡುವ ರಿಪೇರಿ ಇನ್ನೊಂದಿಲ್ಲ.

ಅದಾದ ಮೇಲೆ ಗೇರ್ ಆಯಿಲ್. ಚಳಿಗೆ ಎಣ್ಣೆ ದಪ್ಪವಾಗಿ ಬೆಳಿಗ್ಗೆ ಗೇರ್ ಗಟ್ಟಿ ಎಂಬ ಸಮಜಾಯಿಷಿ ನಮ್ಮಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಇಲ್ಲಿ ಅಂಥ ಚಳಿಯೇ ಇಲ್ಲ. ಬೆಳಿಗ್ಗೆ ಗಟ್ಟಿ, ಬಿಸಿಯಾದ ಮೇಲೆ ಸಲೀಸು ಎಂದಾದರೆ ಎಣ್ಣೆ ಕಡಿಮೆ, ಹಳತು, ಅಥವಾ ಬೇರೆ ಗ್ರೇಡ್. ಗೇರ್‌ಬಾಕ್ಸ್ ಪಕ್ಕದ ಬೋಲ್ಟ್ ತೆಗೆದರೆ ತೂತಿನ ಅಂಚಿನವರೆಗೆ ಎಣ್ಣೆ ಇರಬೇಕು. ಬಣ್ಣ ಬಿಳಿಚಿದ್ದರೆ ನೀರು ಸೇರಿದೆ. ನೆರೆನೀರಿನಲ್ಲಿ ಗಾಡಿ ಇಳಿಸಿದವರು ಇದನ್ನು ಖಂಡಿತ ನೋಡಬೇಕು, ಗೇರ್‌ಬಾಕ್ಸಿನ ಉಸಿರಾಟದ ಕೊಳವೆಯಿಂದ ನೀರು ಒಳಗೆ ಹೋಗುತ್ತದೆ. ಹಳೆ ಕಾರುಗಳ ಪುಸ್ತಕ ಹೆಚ್ಚಾಗಿ ಜಿಎಲ್-4 ಎಂಬ ದರ್ಜೆಯ ಎಣ್ಣೆ ಹೇಳುತ್ತದೆ. ಅದರ ಬದಲು ಜಿಎಲ್-5 ಹಾಕಿದರೆ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಒಳ್ಳೆಯದಲ್ಲ.

ಒಂದೇ ಗೇರ್ ಕರ್ರೆನ್ನುತ್ತದೆ

ಉಳಿದವು ಸರಿ, ಎರಡನೆಯದೋ ಮೂರನೆಯದೋ ಮಾತ್ರ ಸದ್ದು ಮಾಡಿದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಇದಕ್ಕೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ಎಣ್ಣೆ ಬದಲಿಸಿ ಒಮ್ಮೆ ನೋಡಿ. ಬಸಿದ ಎಣ್ಣೆಯಲ್ಲಿ ನುಣ್ಣನೆ ಹೊಳೆಯುವ ಪುಡಿ ಇದ್ದರೆ ಸಾಮಾನ್ಯ ಸವೆತ, ಲೋಹದ ಚೂರುಗಳಿದ್ದರೆ ಓಡಿಸುವುದು ನಿಲ್ಲಿಸಿ. ಬಿಚ್ಚಿದಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ನೋಡಿಸಿ, ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ಗೇರ್ ತಾನಾಗಿ ಹೊರಗೆ ಬೀಳುತ್ತದೆ

ಮಣಿಪಾಲದಿಂದ ಉಡುಪಿಗೆ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಲಿವರ್ ನ್ಯೂಟ್ರಲ್‌ಗೆ ಜಿಗಿದರೆ, ಆ ಗಾಡಿ ಘಟ್ಟಕ್ಕೆ ಹೋಗಬಾರದು. ಮೊದಲು ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್) ನೋಡಿ, ಅದು ಅಗ್ಗ. ಬಾನೆಟ್ ತೆರೆದಿಟ್ಟು, ನ್ಯೂಟ್ರಲ್‌ನಲ್ಲಿ ಒಬ್ಬರು ಒಮ್ಮೆ ಆಕ್ಸಿಲರೇಟರ್ ಒತ್ತಲಿ, ಇನ್ನೊಬ್ಬರು ಬದಿಯಲ್ಲಿ ನಿಂತು ನೋಡಲಿ. ಗಾಡಿಯ ಎದುರು ಯಾರೂ ನಿಲ್ಲಬಾರದು. ಎಂಜಿನ್ ಜೋರಾಗಿ ವಾಲಿದರೆ ರಬ್ಬರ್ ಹೋಗಿದೆ. ಮೌಂಟಿಂಗೂ ರಾಡೂ ಸರಿ ಇದ್ದರೆ ದೋಷ ಗೇರ್‌ಬಾಕ್ಸಿನ ಒಳಗೆ. ಲಿವರನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಸುವ ಉಪಾಯ ಮಾಡಬೇಡಿ. ಒಳಗಿನ ಫೋರ್ಕ್ ಇನ್ನೂ ಬೇಗ ಸವೆಯುತ್ತದೆ, ತಿರುವಿನಲ್ಲಿ ಸ್ಟೀರಿಂಗಿಗೆ ಒಂದೇ ಕೈ ಉಳಿಯುತ್ತದೆ.

ರಿಪೇರಿ ಆದ ಮೇಲೆ

ಹೊಸ ಪ್ಯಾಡ್, ಡಿಸ್ಕ್ ಹಾಕಿದ ಮೇಲೆ ಮೊದಲ 200-300 ಕಿಲೋಮೀಟರ್ ಜೋರು ಬ್ರೇಕ್ ಬೇಡ. ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಮೆಲ್ಲನೆ ಇಳಿಸುತ್ತಾ, ನಡುವೆ ತಣಿಯಲು ಬಿಡುತ್ತಾ ಕೆಲವು ಸಲ ಮಾಡಿ. ಘಟ್ಟದ ಪ್ರಯಾಣ ಅದಾದ ಮೇಲೆಯೇ. ಚಕ್ರ ಬಿಚ್ಚಿ ಹಾಕಿದ್ದರೆ 50-100 ಕಿಲೋಮೀಟರ್ ಓಡಿದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿ. ಗೇರ್‌ಬಾಕ್ಸ್ ಬಿಚ್ಚಿಸಿದ್ದರೆ ಒಂದು ರಾತ್ರಿ ಗಾಡಿಯಡಿ ಹಳೆ ಪೇಪರ್ ಹಾಸಿ ನಿಲ್ಲಿಸಿ. ಬೆಳಿಗ್ಗೆ ಎಣ್ಣೆಯ ಕಲೆ ಕಂಡರೆ ಅದೇ ದಿನ ಗ್ಯಾರೇಜಿಗೆ ವಾಪಸ್ ಒಯ್ಯಿರಿ.